ಪದಗಳ ಪೂರ್ವಾಶ್ರಮ

ಪಂಡಿತರ ಜೊತೆ ನಾನು ಕೂತ ಮೊದಲನೆಯ ಊಟ ಅರ್ಧಕ್ಕೇ ನಿಂತುಹೋಯಿತು. ಅವರು ಆಲೂರು ಕಡೆಯಿಂದ ನಮ್ಮ ಶಾಲೆಗೆ ವರ್ಗವಾಗಿ ಬಂದ ದಿನ ಹೆಡ್‌ಮಾಸ್ಟರು ತಮ್ಮ ಮನೆಯಲ್ಲಿ ಊಟಕ್ಕೆ ಕರೆದಿದ್ದರು. ಎರಡನೆಯ ಸಲ ಅನ್ನ ಬಡಿಸಲು ಬಂದ ಹೆಡ್‌ಮಾಸ್ಟರ ಹೆಂಡತಿಗೆ ಪಂಡಿತರು ಕೈ ಅಡ್ಡ ಹಿಡಿದು, ಮುಖದ ತುಂಬ ತೃಪ್ತಿಯಿಂದ, "ಸಾಕು ತಾಯಿ, ಇಂಥ ಕೂಳು ತಿಂದು ಎಷ್ಟು ದಿನವಾಗಿತ್ತು!" ಎಂದರು. ಆಕೆ ಪಾತ್ರೆಯನ್ನು ಅಲ್ಲೇ ಕುಕ್ಕಿ ಒಳಗೆ ಹೋದವರು ಮಜ್ಜಿಗೆಯ ಹೊತ್ತಿಗೂ ಹೊರಗೆ ಬರಲಿಲ್ಲ.

ಪಂಡಿತರಿಗೆ ಏನಾಯಿತೆಂದು ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಪಕ್ಕದ ಎಲೆಯಲ್ಲಿದ್ದ ನನ್ನ ಕಡೆ ಬಾಗಿ ಪಿಸುಗುಟ್ಟಿದರು. "ಕೂಳು ಎಂದರೆ ಅನ್ನ ಮೇಷ್ಟ್ರೇ. ಹಳಗನ್ನಡದಲ್ಲಿ ರಾಜರು ಉಂಡದ್ದೂ ಕೂಳನ್ನೇ. ಅದನ್ನು ಕೀಳು ಮಾಡಿದವರು ನಾವು. ಪದದ ತಪ್ಪೇನಿದೆ?" ಮಜ್ಜಿಗೆಯ ಚೊಂಬನ್ನು ನಾವೇ ಹುಡುಕಿ ಬಡಿಸಿಕೊಂಡೆವು.

ಆ ಪಂಡಿತರು ಹೋಗಿಬಿಟ್ಟರು ಎಂದು ಅವರ ಮಗಳು ಮೊನ್ನೆ ಕಾಗದ ಬರೆದಿದ್ದಾಳೆ. ಓದಿ ಅಳು ಬರುತ್ತದೆಂದು ಕಾದರೆ ನಗು ಬಂತು. ಅವರನ್ನು ನೆನೆದಾಗಲೆಲ್ಲ ನನಗೆ ಆಗುವುದು ಹೀಗೆಯೇ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಊರಿನಲ್ಲಿ ಯಾರೂ ಆ ಹೆಸರು ಹಿಡಿದು ಕರೆದದ್ದಿಲ್ಲ. ಎಲ್ಲರಿಗೂ ಅವರು ಪಂಡಿತರು. ನಾನು ಅವರಿಗೆ ಡ್ರಿಲ್ ಮೇಷ್ಟ್ರು.

ನಮ್ಮದು ಹೆತ್ತೂರಿನಿಂದ ಬಿಸಿಲೆ ಕಡೆಗೆ ಹೋಗುವ ರಸ್ತೆಯ ಬದಿಯ ಮಿಡ್ಲ್ ಸ್ಕೂಲು. ಏಕೀಕರಣವಾಗಿ ಒಂದೆರಡು ವರ್ಷ ಆಗಿದ್ದ ಕಾಲ. ಶಾಲೆಗೆ ಸ್ವಂತ ಕಟ್ಟಡವಿರಲಿಲ್ಲ. ಒಂದು ಎಸ್ಟೇಟಿನವರು ಕಾಫಿ ತುಂಬಿಡುವ ಹಳೆಯ ಸ್ಟೋರಿನಲ್ಲಿ ಗೋಣಿತಾಟು ಇಳಿಬಿಟ್ಟು ತರಗತಿಗಳನ್ನು ಬೇರೆ ಮಾಡಿದ್ದೆವು. ಈ ಕಡೆ ಮಗ್ಗಿ ಹೇಳಿದರೆ ಆ ಕಡೆ ಪದ್ಯದ ಜೊತೆ ಸೇರಿಕೊಳ್ಳುತ್ತಿತ್ತು. ಮಕ್ಕಳ ಸ್ಲೇಟೂ ಪುಸ್ತಕವೂ ನಮ್ಮ ಬಟ್ಟೆಯೂ ಕಾಫಿ ಸಿಪ್ಪೆಯ ವಾಸನೆ ಹೊಡೆಯುತ್ತಿದ್ದವು. ಆ ಸ್ಟೋರಿನಲ್ಲೇ ಒಂದು ಮೂಲೆಯ ಕೋಣೆಯನ್ನು ಪಂಡಿತರೂ ನಾನೂ ಹಂಚಿಕೊಂಡಿದ್ದೆವು. ನಾನು ಬ್ರಹ್ಮಚಾರಿ. ಅವರ ಮನೆಯವರು ಆಲೂರಿನಲ್ಲಿದ್ದರು.

ಪಂಡಿತರು ಕುಳ್ಳಗೆ, ಗುಂಡಗೆ ಇದ್ದರು. ಕರಿಯ ಕೋಟು ಹಾಕುತ್ತಿದ್ದರು. ಅದರ ಗುಂಡಿಗಳು ಯಾವತ್ತೂ ಒಂದು ಮನೆ ಆಚೀಚೆ ಬಿದ್ದಿರುತ್ತಿದ್ದವು. ಮಾತಿನ ನಡುವೆ ಯಾವುದಾದರೂ ಪದ ಕಿವಿಗೆ ಬಿದ್ದರೆ ಹೆಬ್ಬೆರಳನ್ನೂ ತೋರುಬೆರಳನ್ನೂ ಉಜ್ಜುತ್ತಿದ್ದರು, ಅಂಗಡಿಯಲ್ಲಿ ಸೀರೆಯ ನೂಲು ನೋಡುವ ಹೆಂಗಸಿನ ಹಾಗೆ. ಆಮೇಲೆ ಒಂದು ಕಣ್ಣು ಮುಚ್ಚಿ ಕೇಳುತ್ತಿದ್ದರು: "ಈ ಪದದ ಪೂರ್ವಾಶ್ರಮ ಗೊತ್ತೇನು ನಿಮಗೆ?"

ಸನ್ಯಾಸಿಗೆ ಪೂರ್ವಾಶ್ರಮ ಇರುವುದು ನನಗೆ ಗೊತ್ತಿತ್ತು. ಪದಕ್ಕೂ ಇರುತ್ತದೆಂದು ಗೊತ್ತಾದದ್ದು ಅವರಿಂದ. ದೀಪಕ್ಕೆ ಸೀಮೆಎಣ್ಣೆ ಹಾಕುತ್ತಿದ್ದರೆ ಪಂಡಿತರು ಹಿಂದೆ ನಿಂತು ನಿಟ್ಟುಸಿರು ಬಿಡುವರು. "ಎಳ್ಳಿನ ನೆಯ್ ಎಣ್ಣೆಯಾಯಿತು. ಎಳ್ಳಿನಿಂದ ಬಂದದ್ದಕ್ಕೆ ಮಾತ್ರ ಆ ಹೆಸರು. ಈ ನಾತದ ನೀರಿಗೂ ಎಳ್ಳಿಗೂ ಏನು ನೆಂಟು, ಹೇಳಿ." ಮಳೆಗಾಲದಲ್ಲೊಮ್ಮೆ ಸ್ಕೂಲ್ ಇನ್‌ಸ್ಪೆಕ್ಟರು ಬಂದವರು ವಿಶ್ವಾಸದಿಂದಲೇ, "ಪಂಡಿತರೇ, ನಿಮ್ಮ ಸಂಸಾರ ಎಲ್ಲಿದೆ?" ಎಂದು ವಿಚಾರಿಸಿದರು. "ಸಂಸಾರವೆಂದರೆ ಹುಟ್ಟುಸಾವಿನ ಚಕ್ರ ಸ್ವಾಮಿ. ಅದು ಎಲ್ಲ ಕಡೆಯೂ ಇದೆ. ಹೆಂಡತಿ ಆಲೂರಿನಲ್ಲಿದ್ದಾಳೆ" ಎಂದರು ಪಂಡಿತರು. ಇನ್‌ಸ್ಪೆಕ್ಟರು ಅದನ್ನು ಪುಸ್ತಕದಲ್ಲಿ ಏನೆಂದು ಬರೆದುಕೊಂಡರೋ ತಿಳಿಯದು.

ನನ್ನನ್ನೂ ಬಿಡಲಿಲ್ಲ. ನಾನು ದಿನಾ ಬೆಳಿಗ್ಗೆ ಮಕ್ಕಳನ್ನು ಸಾಲು ನಿಲ್ಲಿಸಿ "ಟೆನ್ಸಾನ್!" ಎಂದು ಕಿರುಚುತ್ತಿದ್ದೆ. ಅದರ ಪೂರ್ವಾಶ್ರಮ ಏನು ಎಂದರು.

"ಗೊತ್ತಿಲ್ಲ ಪಂಡಿತರೇ. ನಮ್ಮ ಮೇಷ್ಟ್ರು ಹಾಗೇ ಕೂಗುತ್ತಿದ್ದರು. ಕೂಗಿದರೆ ಮಕ್ಕಳು ನೆಟ್ಟಗೆ ನಿಲ್ಲುತ್ತವೆ."

ಪಂಡಿತರು ಬೆರಳು ಉಜ್ಜಿದರು, ಕಣ್ಣು ಮುಚ್ಚಿದರು. "ಕೂಗುವವನಿಗೂ ಅರ್ಥ ಗೊತ್ತಿಲ್ಲ, ಕೇಳುವವನಿಗೂ ಗೊತ್ತಿಲ್ಲ, ಆದರೂ ಕೆಲಸ ನಡೆಯುತ್ತದೆ. ಮಂತ್ರವೆಂದರೆ ಇದೇ ಇರಬೇಕು" ಎಂದು ನಮಸ್ಕಾರ ಮಾಡಿ ಹೋದರು.

ಪಂಡಿತರೆಂಬ ಹೆಸರೇ ಅವರಿಗೆ ತಂದ ಪೇಚಾಟ ಇನ್ನೊಂದು. ನಮ್ಮ ಕಡೆ ಪಂಡಿತ ಎಂದರೆ ನಾಟಿ ಔಷಧಿ ಕೊಡುವವನು. ಊರಿಗೆ ಪಂಡಿತರು ಬಂದಿದ್ದಾರೆಂದು ಸುದ್ದಿಯಾಗಿ, ಒಂದು ಭಾನುವಾರ ಎಸ್ಟೇಟ್ ಲೈನಿನಿಂದ ಒಬ್ಬ ತಾಯಿ ಹೊಟ್ಟೆನೋವಿನ ಮಗುವನ್ನು ಎತ್ತಿಕೊಂಡು ಬಂದಳು. ಲೈನೆಂದರೆ ಕೂಲಿಯವರು ಇರುವ ಸಾಲುಮನೆ. ಪಂಡಿತರು ಆಕೆಯನ್ನು ಕೂರಿಸಿ, ಪಂಡಿತ ಎಂದರೆ ನಿಜವಾಗಿ ಏನು, ಅದು ಹೇಗೆ ಸವೆದು ವೈದ್ಯನಿಗೆ ಅಂಟಿಕೊಂಡಿತು ಎಂದು ಉದಾಹರಣೆಗಳ ಸಮೇತ ವಿವರಿಸಿದರು. ಅವರ ವಿವರಣೆ ಮುಗಿಯುವ ಹೊತ್ತಿಗೆ ಮಗು ಅಳು ನಿಲ್ಲಿಸಿ ಗೊರಕೆ ಹೊಡೆಯುತ್ತಿತ್ತು. ತಾಯಿ ಕಾಲಿಗೆ ಬಿದ್ದು, "ಔಸ್ದಿನೇ ಇಲ್ದೆ ಬರೀ ಬಾಯಲ್ಲೇ ವಾಸಿ ಮಾಡ್ಬುಟ್ರಿ" ಎಂದು ಹೋದಳು. ಮುಂದಿನ ಭಾನುವಾರ ಐದು ಮಕ್ಕಳು ಬಂದವು.

ಇನ್ನೊಂದು ವಿಷಯ ಹೇಳದೆ ಮುಂದಿನದು ತಿಳಿಯುವುದಿಲ್ಲ. ಪಂಡಿತರು ಸಮಾಧಾನವಾಗಿದ್ದಾಗ ನಮ್ಮ ನಿಮ್ಮ ಹಾಗೆಯೇ ಮಾತಾಡುತ್ತಿದ್ದರು. ಕೋಪ ಬಂದರೆ ಅವರ ಕನ್ನಡ ಐನೂರು ವರ್ಷ ಹಿಂದಕ್ಕೆ ಹೋಗುತ್ತಿತ್ತು. "ಎಲವೋ, ಸುಮ್ಮನಿರೆಲವೋ" ಎನ್ನುವರು. ಹೆದರಿದರಂತೂ ಸಾವಿರ ವರ್ಷ ಹಿಂದೆ. ಕೋಣೆಯಲ್ಲಿ ಒಂದು ಸಲ ಕೇರೆಹಾವು ಕಂಡಾಗ ಅವರು ಹಳಗನ್ನಡದಲ್ಲಿ ಏನೋ ಕೂಗಿದರು. ಅದು ನನಗೆ ಅರ್ಥವಾಗುವ ಮೊದಲೇ ಹಾವು ಹೊರಟುಹೋಗಿತ್ತು.

ಈಗ ಗೌಡರ ವಿಚಾರ. ಅವರು ನಮ್ಮ ಶಾಲೆಯ ಕಮಿಟಿಯ ಅಧ್ಯಕ್ಷರು, ನಾವಿದ್ದ ಸ್ಟೋರಿನ ಒಡೆಯರು, ದೊಡ್ಡ ಪ್ಲಾಂಟರು. ಅವರ ತೋಟ ಮೊದಲು ಒಬ್ಬ ಬಿಳಿಯನದಾಗಿತ್ತು. ಸ್ವಾತಂತ್ರ್ಯ ಬಂದ ಮೇಲೆ ಆತ ತೋಟ ಮಾರಿ ಹಡಗು ಹತ್ತಿದ್ದ. ಬಿಳಿಯನನ್ನು ಆಳುಗಳು ದೊರೆ ಎನ್ನುತ್ತಿದ್ದರು. ಹೋಗಿ ಎಷ್ಟೋ ವರ್ಷವಾದರೂ "ದೊರೆ ಕಾಲ್ದಾಗೆ ಹಿಂಗಿತ್ತು, ಹಂಗಿತ್ತು" ಎನ್ನುವುದನ್ನು ಬಿಟ್ಟಿರಲಿಲ್ಲ. ತಮ್ಮನ್ನೂ ಅವರು ದೊರೆ ಎನ್ನಬೇಕೆಂದು ಗೌಡರಿಗೆ ಒಳಗೊಳಗೇ ಆಸೆ. ಆಳುಗಳು ಗೌಡ್ರೇ ಎನ್ನುವುದನ್ನು ದಾಟಿ ಮುಂದೆ ಹೋಗಲೇ ಇಲ್ಲ.

ಆ ಗೌಡರು ರಸ್ತೆಬದಿಯ ಜಾಗವನ್ನೂ ಮರಮುಟ್ಟನ್ನೂ ಶಾಲೆಗೆ ಕೊಡಲು ಒಪ್ಪಿದರು. ತೊಲೆ ಜಂತಿಗಳೆಲ್ಲ ಬಂದು ಜಾಗದಲ್ಲಿ ಬಿದ್ದವು. ಹೆಡ್‌ಮಾಸ್ಟರು ಸಂತೋಷ ತಡೆಯಲಾರದೆ ಒಂದು ಸನ್ಮಾನ ಇಟ್ಟುಕೊಂಡರು. ಬಿನ್ನವತ್ತಳೆ ಬರೆದು ಓದುವ ಭಾರ ಪಂಡಿತರದು.

ಚಪ್ಪರದಲ್ಲಿ ಊರೇ ಸೇರಿತ್ತು. ಮುಂದಿನ ಸಾಲಿನಲ್ಲಿ ಗೌಡರ ಹೆಂಡತಿ, ಎಲ್ಲರೂ ಗೌಡ್ತಮ್ಮ ಎನ್ನುತ್ತಿದ್ದವರು, ಜರತಾರಿ ಸೀರೆಯುಟ್ಟು ಕೂತಿದ್ದರು. ಹಿಂದೆ ಲೈನಿನ ಜನ. ಪಂಡಿತರು ಕನ್ನಡಕ ಸರಿಮಾಡಿಕೊಂಡು ಗಂಟಲೆತ್ತಿ ಓದಿದರು: "ಈ ಸೀಮೆಗೆಲ್ಲ ಗಂಡನೆನಿಸಿ ಮೆರೆಯುತ್ತಿರುವ ಮಹನೀಯರೇ!"

ಗೌಡ್ತಮ್ಮ ನಿಧಾನವಾಗಿ ತಿರುಗಿ ಗಂಡನನ್ನು ನೋಡಿದರು. ಹೆಂಗಸರ ಕಡೆಯಿಂದ ಯಾರೋ ಕಿಸಕ್ಕೆಂದರು.

ಪಂಡಿತರು ಅದನ್ನು ಮೆಚ್ಚುಗೆಯೆಂದು ತಿಳಿದು ಧ್ವನಿ ಏರಿಸಿದರು. "ಆಳುಗಳಲ್ಲಿ ಆಳೇ! ದೊರೆಯಿಲ್ಲದವರೇ!"

"ಹೌದು ಕಣಪ್ಪ, ದೊರೆ ಇಲ್ಲ. ಅವ್ರು ಹಡಗು ಹತ್ತಿ ಹೋಗ್ಬುಟ್ರಲ್ಲ" ಎಂದು ಹಿಂದಿನಿಂದ ಒಬ್ಬ ಮುದುಕ ಗಟ್ಟಿಯಾಗಿ ಹೇಳಿದ. ಲೈನಿನವರೆಲ್ಲ ಹೋ ಎಂದು ನಕ್ಕರು. ಗೌಡರು ಎದ್ದರು. ಕೊರಳ ಹಾರವನ್ನು ತೆಗೆದು ಮೇಜಿನ ಮೇಲಿಟ್ಟರು. "ನಾನು ಆಳು ಅಂತೆ. ದೊರೆ ಅಲ್ವಂತೆ. ಇದನ್ನ ಹೇಳ್ಸಕ್ಕೇ ಕರ್ಸಿದ್ರೇನ್ರೀ?" ಎಂದು ಹೆಡ್‌ಮಾಸ್ಟರನ್ನು ಕೇಳಿ, ಉತ್ತರಕ್ಕೆ ಕಾಯದೆ ಜೀಪು ಹತ್ತಿದರು. ಗೌಡ್ತಮ್ಮ ಜೀಪಿನಲ್ಲಿ ಗಂಡನ ಪಕ್ಕ ಕೂರದೆ ಹಿಂದೆ ಕೂತರು. ಪಂಡಿತರು ಹಾಳೆ ಹಿಡಿದುಕೊಂಡು ನಿಂತೇ ಇದ್ದರು; ಇನ್ನೂ ಎರಡು ಪುಟ ಹೊಗಳಿಕೆ ಬಾಕಿ ಇತ್ತು.

ಮರುದಿನ ಗಾಡಿಗಳು ಬಂದು ತೊಲೆ ಜಂತಿಗಳನ್ನು ವಾಪಸು ಹೇರಿಕೊಂಡು ಹೋದವು. ಹಿಂದೆಯೇ ಎಸ್ಟೇಟಿನ ರೈಟರು, ಅಂದರೆ ಗುಮಾಸ್ತರು, ಒಂದು ಮಾತು ಹೇಳಿಹೋದರು: ಈ ಸಲದ ಹಣ್ಣು ಒಣಗಿ ಸ್ಟೋರಿಗೆ ಬರುವ ಮೊದಲು ಶಾಲೆ ಖಾಲಿಯಾಗಬೇಕು. ಕಾಫಿ ಗಿಡಗಳಲ್ಲಿ ಆಗಲೇ ಹಣ್ಣು ಕೆಂಪಾಗಿತ್ತು. ಹೆಡ್‌ಮಾಸ್ಟರು ತಲೆ ಮೇಲೆ ಕೈಹೊತ್ತು ಕೂತರು. ಮಕ್ಕಳನ್ನು ಮರದ ಕೆಳಗೆ ಕೂರಿಸೋಣವೆಂದರೆ ಅದು ಆನೆ ತಿರುಗುವ ಜಾಗ. ಶಾಲೆ ಮುಚ್ಚಿದರೆ ಲೈನಿನ ಮಕ್ಕಳು ತಾಯಂದಿರ ಜೊತೆ ಹಣ್ಣು ಕುಯ್ಯಲು ಹೋಗುತ್ತವೆ, ಮತ್ತೆ ಬರುವುದಿಲ್ಲ.

ಪಂಡಿತರು ಎರಡು ದಿನ ಯಾವ ಪದದ ಪೂರ್ವಾಶ್ರಮವನ್ನೂ ಕೇಳಲಿಲ್ಲ. ಮೂರನೆಯ ದಿನ, ಭಾನುವಾರ ಬೆಳಿಗ್ಗೆ, ಒಂದು ಕಂಕುಳಲ್ಲಿ ನಿಘಂಟು, ಇನ್ನೊಂದರಲ್ಲಿ ಕೊಡೆ ಇಟ್ಟುಕೊಂಡು ಎದುರಿಗೆ ನಿಂತರು. "ನಾನು ಗೌಡರಿಗೆ ತೋರಿಸಬೇಕು. ಗಂಡ ಎಂದರೆ ಶೂರ. ಆಳು ಎಂದರೆ ವೀರ. ದೊರೆ ಎಂದರೆ ಸಮಾನ; ದೊರೆಯಿಲ್ಲದವರು ಎಂದರೆ ಅವರಿಗೆ ಸಮಾನರೇ ಇಲ್ಲ. ಮೂರೂ ಅಚ್ಚಾಗಿದೆ."

ಒಬ್ಬರನ್ನೇ ಕಳಿಸಲು ಧೈರ್ಯ ಬರದೆ ನಾನೂ ಹೊರಟೆ. ರಸ್ತೆಯಲ್ಲಿ ಸುತ್ತು ಜಾಸ್ತಿಯೆಂದು ಕಾಡಿನ ಒಳದಾರಿ ಹಿಡಿದೆವು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ನನ್ನ ಬೂಟು ನನಗೆ ಕಾಣುತ್ತಿರಲಿಲ್ಲ. ಅದಕ್ಕೇ ಅದರ ಲಾಡಿ ಬಿಚ್ಚಿದ್ದೂ ಕಾಣದೆ ಮುಗ್ಗರಿಸಿದೆ. ಕೂತು ಕಟ್ಟಿಕೊಂಡು ಏಳುವಷ್ಟರಲ್ಲಿ ಪಂಡಿತರಿಲ್ಲ. ಅವರು ಗೌಡರಿಗೆ ಹೇಳಬೇಕಾದ್ದನ್ನು ಬಾಯಿಪಾಠ ಮಾಡುತ್ತ ಮುಂದೆ ಹೋಗಿಬಿಟ್ಟಿದ್ದರು. ಕೂಗಿದೆ, ಉತ್ತರವಿಲ್ಲ.

ಮುಂದೆ ಆದದ್ದರಲ್ಲಿ ಸ್ವಲ್ಪ ನಾನು ದೂರದಿಂದ ಕಿವಿಯಾರೆ ಕೇಳಿದ್ದು, ಉಳಿದದ್ದು ಪುಟ್ಟಕ್ಕ ಹೇಳಿದ್ದು. ಪುಟ್ಟಕ್ಕನೆಂದರೆ ಗೌಡರ ತೋಟದಲ್ಲಿ ಹಣ್ಣು ಕುಯ್ಯುವ ಹೆಂಗಸರ ಮುಂದಾಳು. ಗಟ್ಟಿಗಿತ್ತಿ.

ದಾರಿ ತಪ್ಪಿದ ಪಂಡಿತರು ತೋಟದ ಅಂಚಿಗೆ ಬಂದಿದ್ದರು. ಕಾಲ ಬಳಿ ಆನೆಯ ಲದ್ದಿ, ಇನ್ನೂ ಹೊಗೆಯಾಡುತ್ತಿತ್ತಂತೆ. ಎದುರಿಗೆ ಗಿಡಗಳು ಸರಸರ ಅಲ್ಲಾಡಿದವು. ಅಲ್ಲಾಡಿಸುತ್ತಿದ್ದವರು ಹಣ್ಣು ಕುಯ್ಯುವ ಹೆಂಗಸರು, ಆದರೆ ಪಂಡಿತರಿಗೆ ಅದು ಗೊತ್ತಿಲ್ಲ. ಅವರ ಜೀವ ಬಾಯಿಗೆ ಬಂತು, ಕನ್ನಡ ಸಾವಿರ ವರ್ಷ ಹಿಂದಕ್ಕೆ ಹೋಯಿತು.

"ಬಟ್ಟೆಗೆಟ್ಟೆಂ!" ಎಂದು ಕೂಗಿಕೊಂಡರು. ದಾರಿ ತಪ್ಪಿದ್ದೇನೆ ಎಂದರ್ಥ. ಹಳಗನ್ನಡದಲ್ಲಿ ಬಟ್ಟೆಯೆಂದರೆ ದಾರಿ.

ಗಿಡಗಳ ಸದ್ದು ನಿಂತಿತು. "ಯಾರದು?" ಎಂದಳು ಪುಟ್ಟಕ್ಕ.

ಮನುಷ್ಯರ ಧ್ವನಿ ಕೇಳಿ ಪಂಡಿತರಿಗೆ ಹೋದ ಜೀವ ಬಂತು. ಆದರೆ ಕನ್ನಡ ಅಷ್ಟು ಬೇಗ ಬರಲಿಲ್ಲ. "ತಾಯ್ಗಳಿರಾ! ಬಟ್ಟೆಯಂ ಕಾಣೆಂ!"

"ಏನಂತೆ ಅಕ್ಕ?"

"ಬಟ್ಟೆ ಕಾಣೆ ಅಂತಾನೆ ಕಣೇ."

"ಬರೀ ಮೈಯಲ್ಲವ್ನಾ?"

"ಬಟ್ಟೆಯಂ ತೋರಿಂ!" ಎಂದು ಪಂಡಿತರು ಅಂಗಲಾಚುತ್ತ ಎರಡು ಹೆಜ್ಜೆ ಮುಂದಿಟ್ಟರು.

ಹೆಂಗಸರು ಕಿಟಾರನೆ ಕಿರುಚಿಕೊಂಡರು. ಅದು ಎರಡು ಫರ್ಲಾಂಗ್ ದೂರದಲ್ಲಿದ್ದ ನನಗೂ ಕೇಳಿತು. ನಾನು ಆ ಸದ್ದಿನ ಕಡೆಗೆ ಓಡಿದೆ.

"ನಿಂತ್ಕೊಳೋ ಅಲ್ಲೇ!" ಪುಟ್ಟಕ್ಕ ಅಬ್ಬರಿಸಿದಳು. "ಇನ್ನೊಂದು ಹೆಜ್ಜೆ ಇಟ್ಟೀಯ ಅಂದ್ರೆ ಕೈಲಿ ಕತ್ತಿ ಐತೆ!"

ಪಂಡಿತರು ನಿಂತರು. ಅವರ ಹಲ್ಲು ಕಟಕಟ ಎನ್ನುತ್ತಿದ್ದದ್ದು ಪುಟ್ಟಕ್ಕನಿಗೆ ಕೇಳಿಸಿತಂತೆ. ಅವಳ ಮನಸ್ಸು ಕರಗಿತು. "ಪಾಪ, ಆನೆ ಅಟ್ಟುಸ್ಕಂಡು ಬಂದೈತೆ ಅಂತ ಕಾಣ್ತದೆ. ಪಂಚೆ ಮುಳ್ಳಿಗೆ ಸಿಕ್ಕಾಕ್ಕಂಡು ಹೋಗೈತೆ. ತಗೊಳೋ ಅಣ್ಣ, ಗೋಣಿಚೀಲ ಎಸೀತೀನಿ, ಸುತ್ಕೋ. ನಾವೆಲ್ಲ ಕಣ್ಣು ಮುಚ್ಕಂಡಿದೀವಿ."

ಮಂಜಿನಿಂದ ಹಾರಿಬಂದ ಚೀಲ ಪಂಡಿತರ ಮುಖಕ್ಕೇ ಬಿತ್ತು. ಚೀಲ ಯಾಕೆ ಎಂದು ಅವರಿಗೆ ಹೊಳೆಯಲಿಲ್ಲ. ಆದರೆ ಕತ್ತಿ ಹಿಡಿದವಳು ಸುತ್ತಿಕೋ ಎಂದ ಮೇಲೆ ವಾದ ಮಾಡುವ ಸ್ಥಿತಿಯಲ್ಲಿ ಅವರಿರಲಿಲ್ಲ. ಪಂಚೆಯ ಮೇಲೆ, ಕೋಟಿನ ಮೇಲೆ, ನಿಘಂಟನ್ನೂ ಸೇರಿಸಿ ಗೋಣಿಯನ್ನು ಸುತ್ತಿಕೊಂಡರು.

"ಆಯ್ತಾ?"

"ಆಯ್ತು" ಎಂದರು. ಅಷ್ಟು ಹೊತ್ತಿಗೆ ಈ ಕಾಲದ ಕನ್ನಡ ಬಂದಿತ್ತು.

ನಾನು ಏದುಸಿರು ಬಿಡುತ್ತ ತಲುಪಿದಾಗ ಹೆಂಗಸರು ಕಣ್ಣಿನಿಂದ ಕೈ ತೆಗೆಯುತ್ತಿದ್ದರು. ಎದುರಿಗೆ ಪಂಡಿತರು. ತಲೆಗೆ ರುಮಾಲು, ಮೈಗೆ ಕರಿಯ ಕೋಟು, ಸೊಂಟಕ್ಕೆ ಕಚ್ಚೆಪಂಚೆ, ಕೈಯಲ್ಲಿ ಕೊಡೆ, ಎಲ್ಲದರ ಮೇಲೆ ಗೋಣಿಚೀಲ.

"ಅಯ್ಯೋ ಮಾರಾಯ," ಎಂದಳು ಪುಟ್ಟಕ್ಕ. "ನಮ್ಮ ಲೈನಿನೋರೆಲ್ಲ ಸೇರಿದ್ರೂ ಇಷ್ಟು ಬಟ್ಟೆ ಇಲ್ಲ. ಇನ್ನೂ ಎಷ್ಟು ಬೇಕಿತ್ತು ನಿಂಗೆ?"

ಆ ನಗುವಿಗೆ ಮಂಜೇ ಚದುರಿಹೋಯಿತೇನೋ ಎನಿಸಿತು. ತೋಟದ ಕೆಲಸ ನೋಡಲು ಬಂದಿದ್ದ ಗೌಡ್ತಮ್ಮನೂ ಗಲಾಟೆ ಕೇಳಿ ಅಲ್ಲಿಗೆ ಬಂದರು. ಪಂಡಿತರನ್ನು ಕಂಡು ಮುಖ ಗಂಟಿಕ್ಕಿದರು. ಪುಟ್ಟಕ್ಕ ನಡೆದದ್ದನ್ನು ಹೇಳಿದಳು. ಪಂಡಿತರು ಬಟ್ಟೆಯ ಅರ್ಥ ಹೇಳಿದರು.

"ಹಂಗಾರೆ ಅವತ್ತು ಚಪ್ಪರದಾಗೆ ಗಂಡ ಅಂದ್ರಲ್ಲ, ಅದೇನು?" ಗೌಡ್ತಮ್ಮನ ಧ್ವನಿ ಇನ್ನೂ ಬಿಗಿಯಾಗಿತ್ತು.

"ಶೂರ ಎಂದರ್ಥ ತಾಯಿ. ಈ ಸೀಮೆಗೆಲ್ಲ ಶೂರ."

"ಶೂರನಾ? ನಮ್ಮೋರಾ? ಹಲ್ಲಿ ಕಂಡ್ರೆ ಮಂಚ ಹತ್ತುತಾರೆ ಕಣ್ರೀ!" ಎಂದು ಗೌಡ್ತಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದರು. ಆಮೇಲೆ ಏನೋ ಯೋಚಿಸಿ ಕೇಳಿದರು. "ಗಂಡ ಅಂದ್ರೆ ಶೂರ ಅಂತ ಯಾವ ಕಾಲದಾಗಿತ್ತು?"

"ಸಾವಿರ ವರ್ಷದ ಹಿಂದೆ."

"ಅದೇ ಅಂದ್ಕಂಡೆ" ಎಂದರು ಗೌಡ್ತಮ್ಮ.

ಅವರೇ ನಮ್ಮನ್ನು ಕಾಫಿ ಒಣಗಿಸುವ ಕಣಕ್ಕೆ ಕರೆದುಕೊಂಡು ಹೋದರು. ಗೌಡರು ಅಲ್ಲಿ ಹಣ್ಣಿನ ರಾಶಿಯ ಪಕ್ಕ ನಿಂತಿದ್ದರು. ನಮ್ಮನ್ನು ಕಂಡು ಬೆನ್ನು ತಿರುಗಿಸಿದರು. ಪಂಡಿತರು ಆ ಬೆನ್ನಿಗೇ ನಿಘಂಟು ಬಿಚ್ಚಿ ಹಿಡಿದು, ಶೂರ, ವೀರ, ಸಮಾನ ಎಂದು ಬೆರಳಿಟ್ಟು ಓದಿದರು. ಗೋಣಿ ಇನ್ನೂ ಮೈಮೇಲೆ ಇದ್ದದ್ದು ಅವರಿಗೆ ಮರೆತಿತ್ತು.

ಗೌಡರು ಪೂರ್ತಿ ಕೇಳಿದರು. ಆಮೇಲೆ ತಿರುಗಿದರು. "ಪುಸ್ತಕದಲ್ಲಿ ಏನಾರ ಇರ್ಲಿ ಪಂಡಿತ್ರೇ. ಅವತ್ತು ಚಪ್ಪರದಲ್ಲಿ ಕೂತಿದ್ರಲ್ಲ, ಅಷ್ಟು ಜನದ ಕಿವೀಲಿ ಏನಿತ್ತು? ಅದು ಹೇಳಿ."

ಪಂಡಿತರು ಬಾಯಿ ತೆರೆದರು. ಬೆರಳು ಉಜ್ಜಿದರು. ಅವರ ಬಾಯಿ ಹೀಗೆ ಕಟ್ಟಿದ್ದನ್ನು ನಾನು ಅದೇ ಮೊದಲು ನೋಡಿದ್ದು. ನಿಘಂಟನ್ನು ಮೆಲ್ಲಗೆ ಮುಚ್ಚಿದರು. "ನಿಮ್ಮನ್ನು ಹೊಗಳಬೇಕು ಅಂತ ಇತ್ತು ಗೌಡರೇ," ಎಂದರು. "ನನಗೆ ಬರಲಿಲ್ಲ. ನನ್ನ ತಪ್ಪಿಗೆ ಮಕ್ಕಳನ್ನು ಹೊರಗೆ ಹಾಕಬೇಡಿ."

ಆ ಮಾತಿನಲ್ಲಿ ಪೂರ್ವಾಶ್ರಮ ವಿಚಾರಿಸುವಂಥ ಪದ ಒಂದೂ ಇರಲಿಲ್ಲ. ಗೌಡರು ಪಂಡಿತರನ್ನು ಮೇಲಿಂದ ಕೆಳಗೆ ನೋಡಿದರು. "ಅದ್ಸರಿ, ಈ ಗೋಣಿ ಯಾಕ್ರೀ?"

ಗೌಡ್ತಮ್ಮ ಹೇಳಿದರು. ಅರ್ಧ ಹೇಳುವಷ್ಟರಲ್ಲೇ ಗೌಡರು ನಗುತ್ತ ನಗುತ್ತ ಕಾಫಿ ಹಣ್ಣಿನ ರಾಶಿಯ ಮೇಲೇ ಕೂತುಬಿಟ್ಟರು. ಎದ್ದಾಗ ಅವರ ಬಿಳಿ ಚಡ್ಡಿಯ ಹಿಂಭಾಗ ಪೂರಾ ಕೆಂಪಾಗಿತ್ತು. ಹೇಳುವ ಧೈರ್ಯ ಯಾರಿಗೂ ಬರಲಿಲ್ಲ.

ತೊಲೆಗಳು ವಾಪಸು ಬಂದವು. ಗೌಡರದು ಒಂದೇ ಷರತ್ತು. ಶಾಲೆಯ ಬಾಗಿಲ ಎದುರು ರಸ್ತೆಗೆ ಕಾಣುವ ಹಾಗೆ ಒಂದು ಕಲ್ಲು ನೆಡಬೇಕು. ಅದರಲ್ಲಿ ಬರೆಯುವುದನ್ನು ಪಂಡಿತರೇ ಹೇಳಬೇಕು. "ಆದ್ರೆ ಎಲ್ರಿಗೂ ತಿಳೀಬೇಕು. ಇವತ್ತಿನೋರಿಗೂ ತಿಳೀಬೇಕು, ನನ್ನ ಮರಿಮಕ್ಕಳಿಗೂ ತಿಳೀಬೇಕು."

ಪಂಡಿತರು ಅದನ್ನು ಬಹಳ ಗಂಭೀರವಾಗಿ ತೆಗೆದುಕೊಂಡರು. ಭಾನುವಾರಗಳಲ್ಲಿ ಲೈನಿಗೆ ಹೋಗಿ ಪುಟ್ಟಕ್ಕನ ಜಗಲಿಯಲ್ಲಿ ಕೂರುವರು. ಒಂದೊಂದು ಪದ ಹೇಳಿ, "ಇದು ಕೇಳಿದರೆ ನಿಮಗೆ ಏನನಿಸುತ್ತದೆ?" ಎಂದು ವಿಚಾರಿಸುವರು. ಅವಳು ಹೇಳಿದ್ದನ್ನು ಕೇಳಿ ಪೆಚ್ಚಾಗಿ ಬರುವರು.

ಗೋಡೆ ಎದ್ದಿತು, ಹೆಂಚು ಬಿತ್ತು, ಕಲ್ಲೂ ಬಂತು. ಆಳೆತ್ತರದ ಚಪ್ಪಡಿ. ದೊಡ್ಡ ಶಾಸನವೇ ಇರುತ್ತದೆಂದು ಗೌಡರು ಅಷ್ಟು ದೊಡ್ಡದನ್ನು ಕಳಿಸಿದ್ದರು. ಕಲ್ಲುಕುಟಿಗ ಉಳಿ ಹಿಡಿದು ಕೂತ. ಪಂಡಿತರು ಮೂರು ದಿನ ಅವನ ಎದುರು ಶತಪಥ ತಿರುಗಿದರು.

"ಜ್ಞಾನಮಂದಿರ ಅನ್ನೋಣವೇ?" ಎಂದು ನನ್ನನ್ನು ಕೇಳಿ ತಾವೇ ತಲೆಯಾಡಿಸಿದರು. "ಬೇಡ. ಮಂದಿರವೆಂದರೆ ಮೊದಲು ಮನೆ. ಈಗ ದೇವಸ್ಥಾನ. ಪುಟ್ಟಕ್ಕ ಚಪ್ಪಲಿ ಬಿಟ್ಟು ಬರ್ತೀನಿ ಅಂದಳು. ಗುರುಗಳ ಮನೆ ಅಂದರೆ? ಸಕಲೇಶಪುರದಲ್ಲಿ ಲಾರಿ ಡ್ರೈವರುಗಳು ಒಬ್ಬರನ್ನೊಬ್ಬರು ಗುರು ಅಂತಾರೆ. ಲಾರಿ ತಂದು ನಿಲ್ಲಿಸಿದರೆ ಕಷ್ಟ. ಇಲ್ಲಿ ಪಾಠ ಕಲಿಸುತ್ತೇವೆ ಅಂದರೆ..."

"ಹೊಡೀತಾರೆ ಅಂತ ಒಬ್ನೂ ಬರಲ್ಲ" ಎಂದ ಕಲ್ಲುಕುಟಿಗ.

"ಬರೀ ಶಾಲೆ?"

"ಅದಕ್ಕೇನಾಗೈತೆ?"

"ಶಾಲೆ ಎಂದರೆ ಮೂಲದಲ್ಲಿ ಚಪ್ಪರ, ಕೊಟ್ಟಿಗೆ. ಗೋವಿಗೂ ಶಾಲೆ ಇದೆ."

"ಅಯ್ನೋರೇ," ಎಂದ ಕಲ್ಲುಕುಟಿಗ ಬೀಡಿ ಎಸೆದು, "ನೀವು ಹೇಳೋದ್ರೊಳಗೆ ಈ ಕಲ್ಲು ಕರಗಿ ಮರಳಾಯ್ತದೆ. ಇರ್ಲಿ, ಮೊದ್ಲು ಊಟ. ಬನ್ನಿ."

ಪಂಡಿತರು ನಿಂತಲ್ಲೇ ನಿಂತರು. ಬೆರಳು ಉಜ್ಜಿದರು. ಒಂದು ಕಣ್ಣಲ್ಲ, ಎರಡೂ ಕಣ್ಣು ಮುಚ್ಚಿದರು. "ಬಾ," ಎಂದರು ತಮಗೆ ತಾವೇ. "ಸಾವಿರ ವರ್ಷದ ಹಿಂದೆಯೂ ಬಾ ಎಂದರೆ ಬಾ. ಇವತ್ತೂ ಬಾ ಎಂದರೆ ಬಾ. ಎಷ್ಟು ಜನರ ಬಾಯಲ್ಲಿ ಸವೆದರೂ ಇದೊಂದು ಕದಲಿಲ್ಲ. ಇದಕ್ಕೆ ಪೂರ್ವಾಶ್ರಮವೇ ಇಲ್ಲ!" ಎಂದು ಹೋಗಿ ಕಲ್ಲುಕುಟಿಗನನ್ನು ಅಪ್ಪಿಕೊಂಡರು. "ಬರೆಯಪ್ಪ. ಬನ್ನಿ. ಅಷ್ಟೇ."

"ಎರಡೇ ಅಕ್ಷರಾನಾ? ಇಷ್ಟು ದೊಡ್ಡ ಕಲ್ಲಿಗೆ?"

ಕಲ್ಲು ವ್ಯರ್ಥವಾಗಬಾರದೆಂದು ಅವನು ಅಕ್ಷರಗಳನ್ನು ಒಂದೊಂದು ಕುಂಬಳಕಾಯಿ ಗಾತ್ರಕ್ಕೆ ಕಡೆದ. ಗೌಡರು ನೋಡಿ ಮೊದಲು ಹುಬ್ಬು ಗಂಟಿಕ್ಕಿದರು. ಗೌಡ್ತಮ್ಮ, "ಇಸ್ಕೂಲು ಮಕ್ಕಳಿಗೆ ಇನ್ನೇನು ಹೇಳ್ಬೇಕು? ಚೆನ್ನಾಗೈತೆ" ಎಂದ ಮೇಲೆ ಒಪ್ಪಿದರು.

ಆಮೇಲೆ ಬಂದ ವಿಜಯದಶಮಿ. ಸರಸ್ವತಿ ಪೂಜೆಗೆ ಹೂವು ಕಟ್ಟುತ್ತ ಪಂಡಿತರೂ ನಾನೂ ಶಾಲೆಯಲ್ಲಿದ್ದೆವು. ಹೊರಗೆ ಮಾತು ಕೇಳಿ ಎದ್ದು ಬಂದರೆ ಲೈನಿನ ಹೆಂಗಸರು, ಆಚೆ ಊರಿನವರು, ಮೂವತ್ತು ನಲವತ್ತು ಜನ. ಕೈಯಲ್ಲಿ ಅರಿಸಿನ ಕುಂಕುಮದ ತಟ್ಟೆ. ಮುಂದೆ ಪುಟ್ಟಕ್ಕ.

"ಮರ ಎಲ್ಲೈತೆ ಅಯ್ನೋರೇ?"

"ಯಾವ ಮರ?"

"ಬನ್ನಿ ಮರ. ನಮ್ಮ ಈ ಮಳೆಸೀಮೆಯಾಗೆ ಎಲ್ಲೂ ಬದುಕಲ್ಲ ಅದು. ಹಬ್ಬಕ್ಕೆ ಪೂಜೆ ಮಾಡಾಣ ಅಂದ್ರೆ ಒಂದು ಗಿಡ ಇಲ್ಲ. ನೀವು ಆಲೂರಿಂದ ತಂದು ನೆಟ್ಟಿದೀರಂತಲ್ಲ. ಕಲ್ಲಲ್ಲೇ ಬರ್ಸಿದೀರಲ್ಲ, ಬನ್ನಿ ಅಂತ."

ಪಂಡಿತರ ಬೆರಳುಗಳು ಕೂಡಿಕೊಂಡವು. ಬನ್ನಿ ಎನ್ನುವ ಮರ ಬೇರೆ, ಬಾ ಎನ್ನುವ ಕ್ರಿಯಾಪದ ಬೇರೆ ಎಂದು ಇನ್ನು ಮಧ್ಯಾಹ್ನದವರೆಗೆ ಬಿಡುಗಡೆಯಿಲ್ಲ ಎಂದುಕೊಂಡೆ.

"ಕಲ್ಲನ್ನು ಓದಿದವರು ಯಾರು?" ಎಂದು ಪಂಡಿತರು ಕೇಳಿದರು.

"ನಮ್ಮ ಮೊಮ್ಮಗಳು. ನಿಮ್ಮ ಇಸ್ಕೂಲೇ ಅಲ್ವ" ಎಂದಳು ಪುಟ್ಟಕ್ಕ. "ನಮ್ಮ ಮನೇಲಿ ಅಕ್ಷರ ಓದಿದೋಳು ಅವಳೊಬ್ಳೇ. ಎರಡಕ್ಷರಾನೂ ತಪ್ಪಿಲ್ದೆ ಓದ್ಬುಟ್ಳು."

ಪಂಡಿತರ ಬೆರಳುಗಳು ಬಿಟ್ಟುಕೊಂಡವು. ಕೋಟಿನ ತೋಳಿನಿಂದ ಕನ್ನಡಕ ಒರೆಸಿಕೊಂಡರು. "ಮರ ಇನ್ನೂ ಚಿಗುರಿಲ್ಲ ತಾಯಿ. ಈಗ ಈ ಕಲ್ಲಿಗೇ ಮಾಡಿ" ಎಂದು ತಾವೇ ಚೊಂಬಿನಲ್ಲಿ ನೀರು ತಂದು ಕಲ್ಲನ್ನು ತೊಳೆದುಕೊಟ್ಟರು.

ಕೆಲವು ತಿಂಗಳಲ್ಲಿ ಅವರಿಗೆ ಬಯಲುಸೀಮೆಗೆ ವರ್ಗವಾಯಿತು. ನಾನು ಅಲ್ಲೇ ಮದುವೆಯಾಗಿ ಉಳಿದೆ. ಏಳೆಂಟು ವರ್ಷ ಕಳೆದ ಮೇಲೆ ನನ್ನ ಮಗಳ ನಾಮಕರಣಕ್ಕೆ ಕರೆದಾಗ ಪಂಡಿತರು ಬಂದರು. ನಾನು ಬಸ್ಸಿಗೆ ಎದುರು ನೋಡುತ್ತ ರಸ್ತೆಯಲ್ಲಿ ನಿಂತಿದ್ದೆ. ಬಸ್ಸು ಬಂತು. "ಬನ್ನಿಕಲ್ಲು! ಬನ್ನಿಕಲ್ಲು ಇಳಿಯೋರು ಬರ್ರೀ!" ಎಂದು ಕಂಡಕ್ಟರು ಕೂಗಿದ. ಪಂಡಿತರು ಇಳಿಯಲಿಲ್ಲ. ಕಿಟಕಿಯಲ್ಲಿ ತಲೆ ಹಾಕಿ, ನಮ್ಮ ಊರಿನ ಹೆಸರು ಹೇಳಿ, ಅದು ಇನ್ನೂ ಎಷ್ಟು ದೂರ ಎಂದು ನನ್ನನ್ನೇ ಕೇಳಿದರು.

"ಇದೇ ಪಂಡಿತರೇ, ಇಳಿಯಿರಿ. ಈಗ ಎಲ್ಲರೂ ಹೀಗೇ ಅನ್ನುತ್ತಾರೆ."

ಇಳಿದರು. ತಲೆ ಪೂರ್ತಿ ಬೆಳ್ಳಗಾಗಿತ್ತು, ಕೋಟಿನ ಗುಂಡಿಗಳು ಇನ್ನೂ ತಪ್ಪು ಮನೆಯಲ್ಲೇ ಇದ್ದವು. ಕಲ್ಲಿನ ಸುತ್ತ ಕಟ್ಟೆ ಎದ್ದಿತ್ತು, ಮೇಲೆ ಒಂದು ತಗಡಿನ ಮಾಡು, ಕುಂಕುಮ, ಬಾಡಿದ ಹಾರ. ಪಕ್ಕದಲ್ಲಿ ಘಟ್ಟದ ಕೆಳಗಿನಿಂದ ಬಂದ ಕಾಕಾ ಒಬ್ಬರು ಚಹಾದಂಗಡಿ ಇಟ್ಟಿದ್ದರು. ಪಂಡಿತರು ಸೀದಾ ಅವರ ಹತ್ತಿರ ಹೋಗಿ ಕೇಳಿದರು. "ಈ ಊರಿಗೆ ಬನ್ನಿಕಲ್ಲು ಅಂತ ಹೆಸರು ಹೇಗೆ ಬಂತು ಕಾಕಾ?"

ಕಾಕಾ ಚಹಾ ಎತ್ತಿ ಹೊಯ್ಯುತ್ತಲೇ ಹೇಳಿದರು. "ಪಾಂಡವರು ಆಯುಧ ಬಚ್ಚಿಟ್ಟದ್ದು ಇಲ್ಲೇ ಅಲ್ವಾ ಮಾರಾಯ್ರೇ. ಬನ್ನಿ ಮರ ಇತ್ತು, ಈಗ ಇಲ್ಲ. ಕಲ್ಲು ಉಂಟು. ವಾಪಸು ಬಂದಾಗ ಗುರುತು ಸಿಗ್ಲಿ ಅಂತ ಭೀಮನೇ ಕೆತ್ತಿದ್ದು. ಬೇಕಾದ್ರೆ ಅಕ್ಷರ ನೋಡಿ, ಎಷ್ಟು ದಪ್ಪ!"

ಪಂಡಿತರು ಲೋಟ ಹಿಡಿದುಕೊಂಡು ಕಲ್ಲಿನ ಎದುರು ನಿಂತರು. ಒಂದು ಕಣ್ಣು ಮುಚ್ಚಿ ಆ ಎರಡು ಅಕ್ಷರಗಳನ್ನು ಬಹಳ ಹೊತ್ತು ನೋಡಿದರು. ನನ್ನ ಕಡೆ ತಿರುಗಲಿಲ್ಲ. ತಿರುಗಿದ್ದರೆ ಇಬ್ಬರಿಗೂ ನಗು ತಡೆಯುತ್ತಿರಲಿಲ್ಲ.

"ಹೌದು ಕಾಕಾ," ಎಂದರು. "ಭೀಮನದೇ ಕೈ. ನಾನು ಬಲ್ಲೆ."